ಅನ್‌ಕ್ವಾಲಿಫೈಡ್ ಅಂದ್ರೆ ಏನು ಮಿಸ್?

ಬೇಲೂರು ದೇವಸ್ಥಾನದ ಗೋಪುರದ ಹೊರಗೆ ಕೂತು, ನನ್ನ ಜೊತೆಯ ಟೀಚರ್ ಆಪಾ ನಮ್ಮ ಸ್ಕೂಲಿನ ಮೂವತ್ತೆರಡು ಮಕ್ಕಳ ಶೂಗಳನ್ನು ಜೋಡಿ ಜೋಡಿಯಾಗಿ ಉಲ್ಲನ್ ದಾರದಲ್ಲಿ ಕಟ್ಟುತ್ತಿದ್ದರು. ಎಲ್ಲ ಶೂಗಳೂ ಒಂದೇ ಬಣ್ಣ, ಹೆಚ್ಚುಕಡಿಮೆ ಒಂದೇ ಅಳತೆ. ಹಿಂದಿನ ವರ್ಷದ ಪ್ರವಾಸದಲ್ಲಿ ಅವೆಲ್ಲ ಬೆರೆತುಹೋಗಿ, ಒಂದು ಮಗು ಎರಡೂ ಕಾಲಿಗೆ ಎಡಗಾಲಿನ ಶೂ ಹಾಕಿಕೊಂಡು ಅರಸೀಕೆರೆಗೆ ವಾಪಸ್ಸು ಬಂದಿತ್ತು. ಆ ಮಗುವಿನ ತಾಯಿ ಮಾರನೇ ದಿನ ಸ್ಕೂಲಿಗೆ ಬಂದು ಮಾಡಿದ ಜಗಳ ಆಪಾಗೆ ನೆನಪಿತ್ತು. ಅದಕ್ಕೇ ಈ ಸಲ ಮನೆಯಿಂದಲೇ ದಾರದ ಉಂಡೆ ತಂದಿದ್ದರು.

"ನೀವೂ ಒಳಗೆ ಬನ್ನಿ ಆಪಾ, ಇಲ್ಲಿ ಯಾರೂ ಬೇಡ ಅನ್ನಲ್ಲ" ಅಂದೆ.

"ಬತ್ತೀನಿ ಹೋಗೇ. ಮೊದ್ಲು ನೀನು ಹೋಗಿ ಕೈ ಮುಗಿದು ಬಾ. ನಾನು ಚಿಕ್ಕೋಳಿದ್ದಾಗಿಂದ ಈ ಗುಡಿ ನೋಡಿದೀನಿ, ಎಲ್ಲೂ ಓಡೋಗಲ್ಲ ಇದು."

ನಾನು ಒಳಗೆ ಹೋಗಿ ಮಂಗಳಾರತಿ ತೆಗೆದುಕೊಂಡು ಬಂದಾಗ ಅವರು ಕೇಳಿದರು: "ಏನ್ ಮಿಸ್ಸಮ್ಮ, ಏನ್ ಕೇಳ್ಕೊಂಡೆ ದೇವ್ರತ್ರ?"

"ಏನೂ ಇಲ್ಲ ಆಪಾ."

"ಅಷ್ಟು ದೂರದಿಂದ ಬಂದು ಏನೂ ಕೇಳ್ಲಿಲ್ವಾ? ನಿನ್ ಕೈಲಿ ವ್ಯಾಪಾರ ಆಗಲ್ಲ ಕಣೇ."

ಆಮೇಲೆ ಹಳೇಬೀಡಿಗೆ ಹೋದೆವು. ಅಲ್ಲಿ ಗೋಡೆಯ ಕೆಳಸಾಲಿನಲ್ಲಿ ಆನೆಗಳಿವೆ, ಅದರ ಮೇಲೆ ಸಿಂಹ, ಇನ್ನೂ ಮೇಲೆ ಕುದುರೆ ಸವಾರರು. ಆನೆಗಳು ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಸಿಗುತ್ತವೆ. ನಾನು "ಎಲಿಫೆಂಟ್" ಅಂದೆ. ಆಪಾ "ಹಾಥೀ" ಅಂದರು. ನಾನು "ಆನೆ" ಅಂದೆ. ಮೂವತ್ತೆರಡು ಮಕ್ಕಳೂ ಮೂರೂ ಪದಗಳನ್ನು ಕೂಗಿದವು. ಫೋಟೋ ತೆಗೆಯುತ್ತಿದ್ದ ಬೇರೆ ಊರಿನವರು ತಿರುಗಿ ನೋಡಿ ನಕ್ಕರು. ಒಂದು ಹುಡುಗಿ ಮಾತ್ರ ಸೊಂಡಿಲು ಮುರಿದ ಆನೆಯ ಮುಂದೆ ನಿಂತು ಅಳತೊಡಗಿತು. ಆಪಾ ಮಂಡಿಯೂರಿ ಕೂತು, ಅದರ ಕಿವಿಯಲ್ಲಿ ಏನೋ ಹೇಳಿ ಸಮಾಧಾನ ಮಾಡಿದರು. ಏನು ಹೇಳಿದಿರಿ ಅಂತ ಕೇಳಿದ್ದಕ್ಕೆ, "ಅದಕ್ಕೂ ಹಲ್ಲು ಬಿದ್ದಂಗೆ ಬಿದ್ದೈತೆ, ಮತ್ತೆ ಬತ್ತದೆ ಅಂದೆ" ಅಂದರು. ಆ ಹುಡುಗಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ.

ಕೆರೆಯ ಪಕ್ಕದಲ್ಲಿ ಕೂತು ಊಟ ಮಾಡಿದೆವು. ನಾನು ಕಟ್ಟಿಕೊಂಡು ಹೋಗಿದ್ದ ಪುಳಿಯೋಗರೆಯನ್ನು ಅವರು ತಿಂದರು, ಅವರ ನಿಂಬೆಹಣ್ಣಿನ ಚಿತ್ರಾನ್ನವನ್ನು ನಾನು ತಿಂದೆ. ನಾನು ಮಾಂಸ ತಿನ್ನುವುದಿಲ್ಲ ಅಂತ ಅವರು ಆ ದಿನ ಬೇರೆ ಏನನ್ನೂ ತಂದಿರಲಿಲ್ಲ. ವಾಪಸ್ಸು ಹೊರಟಾಗ ಬಸ್ಸಿನ ಕಿಟಕಿಯಿಂದ ಕೈ ಚಾಚಿ, "ಆ ಕಡೆ ಹೋದ್ರೆ ಮಾದಿಹಳ್ಳಿ, ನಾನು ಹುಟ್ಟಿದ್ದು ಅಲ್ಲೇ" ಅಂತ ಮಕ್ಕಳಿಗೆ ತೋರಿಸಿದರು. ಅಲ್ಲಿ ಕಾಣುತ್ತಿದ್ದದ್ದು ತೆಂಗಿನ ಮರಗಳು ಮಾತ್ರ. ಮಕ್ಕಳು ಆ ಮರಗಳಿಗೇ ಟಾಟಾ ಮಾಡಿದವು. ಜಾವಗಲ್ ದಾಟುವುದರೊಳಗೆ ಅರ್ಧ ಬಸ್ಸು ನಿದ್ದೆ ಹೋಗಿತ್ತು. ಆಪಾ ಅವರ ಮಡಿಲಲ್ಲಿ ಇಬ್ಬರು, ನನ್ನ ಮಡಿಲಲ್ಲಿ ಒಬ್ಬ. ಅಂದು ಮಂಗಳವಾರ. ನಾವಿಬ್ಬರೂ ಒಂದೇ ಸ್ಕೂಲಿನ ಟೀಚರುಗಳಾಗಿ ಕಳೆದ ಕೊನೆಯ ಸರಿಯಾದ ದಿನ ಅದು. ಬುಧವಾರ ಬೆಳಿಗ್ಗೆ ಆ ಹಾಳೆ ಬಂತು.

ನಾನು ಹಾರನಹಳ್ಳಿಯವಳು. ಮನೆಯಲ್ಲಿ ತೆಂಗು, ರಾಗಿ ಇದೆ, ಅದನ್ನು ಮನೆಯವರು ನೋಡಿಕೊಳ್ಳುತ್ತಾರೆ. ನಾನು ಪಿಯುಸಿ ಮಾಡಿದ್ದೇನೆ. ಹನ್ನೆರಡು ವರ್ಷದಿಂದ ದಿನವೂ ಬಸ್ಸು ಹಿಡಿದು ಅರಸೀಕೆರೆಗೆ ಬಂದು, ರೈಲ್ವೆ ಗೇಟಿನ ಆಚೆ ಇರುವ ಒಂದು ಚಿಕ್ಕ ಇಂಗ್ಲಿಷ್ ಮೀಡಿಯಂ ಸ್ಕೂಲಿನಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಸ್ಕೂಲಿನ ಸುತ್ತ ಇರುವುದು ಹೆಚ್ಚಾಗಿ ಉರ್ದು ಮಾತಾಡುವ ಮನೆಗಳು. ಆಟೋ ಓಡಿಸುವವರು, ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವವರು, ಗ್ಯಾರೇಜಿನವರು. ನಮ್ಮಲ್ಲಿಗೆ ಬರುವ ಮಕ್ಕಳಲ್ಲಿ ಮುಕ್ಕಾಲು ಪಾಲು ಆ ಮನೆಗಳವೇ. ಮೊದಲನೇ ದಿನ ಅವಕ್ಕೆ ಕನ್ನಡವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ.

ನಾನು ಸೇರುವುದಕ್ಕೆ ಎರಡು ವರ್ಷ ಮೊದಲೇ ಆಪಾ ಅಲ್ಲಿದ್ದರು. ಆಪಾ ಅಂದರೆ ಅಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವರು. ಉರ್ದು ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು, ಮದುವೆಯಾಗಿ ಅರಸೀಕೆರೆಗೆ ಬಂದವರು. ಕನ್ನಡವನ್ನು ನನಗಿಂತ ಚೆನ್ನಾಗಿ, ಮಾದಿಹಳ್ಳಿಯ ಹೊಲಗದ್ದೆಯ ಕನ್ನಡವನ್ನೇ ಮಾತಾಡುತ್ತಿದ್ದರು. ಮಕ್ಕಳು ಅವರನ್ನು ಆಪಾ ಮಿಸ್ ಅನ್ನುತ್ತಿದ್ದವು.

ನಮ್ಮ ಪಾಠದ ಕ್ರಮ ಯಾವ ಪುಸ್ತಕದಲ್ಲೂ ಇಲ್ಲ, ನಾವೇ ಮಾಡಿಕೊಂಡದ್ದು. ಎರಡು ಕ್ಲಾಸಿಗೂ ಸೇರಿ ಒಂದೇ ಕೋಣೆ. ನಾನು ಬೋರ್ಡಿನ ಹತ್ತಿರ ನಿಂತು ಇಂಗ್ಲಿಷ್ ಪದ ಹೇಳುತ್ತಿದ್ದೆ. ಅವರು ಬಾಗಿಲ ಬಳಿ, ತೀರಾ ಚಿಕ್ಕವರ ಜೊತೆ ನೆಲದ ಮೇಲೆ ಕೂತು ಅದನ್ನು ಉರ್ದುವಿನಲ್ಲಿ ಹೇಳುತ್ತಿದ್ದರು. ಆಮೇಲೆ ನಾನು ಕನ್ನಡದಲ್ಲಿ ಹೇಳುತ್ತಿದ್ದೆ. ಮಕ್ಕಳು ಮೂರನ್ನೂ ಕೂಗಬೇಕು. ಅವರು ಹೇಳುವಾಗ ಪದವನ್ನು ಬಿಡಿಸಿ ಎರಡು ಸಲ ಹೇಳುತ್ತಿದ್ದರು, ಮಕ್ಕಳ ತುಟಿ ಅಲ್ಲಾಡುವವರೆಗೂ ಕಾಯುತ್ತಿದ್ದರು. ನನಗೆ ಉರ್ದು ಬಂದದ್ದು ಹೀಗೆಯೇ, ಮಕ್ಕಳ ಜೊತೆ ಕೂಗಿ ಕೂಗಿ. ಆದರೂ ಮಾತಿನ ಮಧ್ಯೆ ಯಾವುದಾದರೂ ಪದ ಸಿಗದಿದ್ದರೆ ಬಾಗಿಲ ಕಡೆ ತಿರುಗುತ್ತಿದ್ದೆ. ಕೇಳುವುದೂ ಬೇಕಿರಲಿಲ್ಲ. ತಿರುಗಿದರೆ ಸಾಕು, ಪದ ಬರುತ್ತಿತ್ತು.

ಆ ವರ್ಷ ಸ್ಕೂಲಿನ ಮಾನ್ಯತೆ ಹೊಸದು ಮಾಡಿಸಬೇಕಾಗಿತ್ತು. ತಪಾಸಣೆಗೆ ಇಬ್ಬರು ಬಂದು ಹೋಗಿದ್ದರು. ಬುಧವಾರ ಬಂದದ್ದು ಅವರು ಕಳಿಸಿದ ಹಾಳೆ. ಟೀಚರುಗಳ ಹೆಸರು, ಓದು, ಕೊನೆಯ ಕಾಲಮ್ಮಿನಲ್ಲಿ ಒಂದೊಂದು ಇಂಗ್ಲಿಷ್ ಪದ. ಸ್ಕೂಲಿನ ಒಡತಿಯೂ ಹೆಡ್‌ಮಿಸ್ಸೂ ಒಬ್ಬರೇ. ಅವರನ್ನು ಎಲ್ಲರೂ ಮೇಡಮ್ ಅನ್ನುತ್ತೇವೆ. ಮಧ್ಯಾಹ್ನ ಮಕ್ಕಳು ಹೋದ ಮೇಲೆ ಮೇಡಮ್ ನನ್ನೊಬ್ಬಳನ್ನೇ ಕರೆದು ಹಾಳೆ ತೋರಿಸಿದರು. ಆಪಾ ಹೆಸರಿನ ಮುಂದೆ ಅನ್‌ಕ್ವಾಲಿಫೈಡ್ ಅಂತ ಇತ್ತು. ಅದರ ಕೆಳಗಿನ ಸಾಲು ನನ್ನದು. ಅಲ್ಲೂ ಅದೇ ಪದ ಇತ್ತು.

"ಇಬ್ರನ್ನೂ ಇಟ್ಕೊಂಡ್ರೆ ಮಾನ್ಯತೆ ಸಿಗಲ್ಲ" ಅಂದರು ಮೇಡಮ್. "ನಿಮ್ದು ಪಿಯುಸಿ ಇದೆ. ದೂರಶಿಕ್ಷಣದಲ್ಲಿ ಟೀಚರ್ ಟ್ರೈನಿಂಗಿಗೆ ಕಟ್ಬಿಡಿ, ಓದ್ತಾ ಇದಾರೆ ಅಂತ ತೋರಿಸ್ತೀನಿ. ಅವ್ರದ್ದು ಬರೀ ಎಸ್ಸೆಸ್ಸೆಲ್ಸಿ. ಈ ವಯಸ್ಸಲ್ಲಿ ಅವ್ರಿಗೆ ಎಲ್ಲಿ ಸೇರ್ಸೋದು, ನೀವೇ ಹೇಳಿ."

ನಾನು ಹಾಳೆಯನ್ನು ಟೇಬಲ್ಲಿನ ಮೇಲೆ ವಾಪಸ್ಸಿಟ್ಟೆ.

"ಇನ್ನೊಂದು ವಿಷ್ಯ. ಶನಿವಾರ ಪೇರೆಂಟ್ಸ್ ಮೀಟಿಂಗ್ ಇದೆ. ಆಪಾನ ಬಿಡಿಸಿದ್ರೆ ಆ ಹೆಂಗಸ್ರು ಸುಮ್ನೆ ಇರಲ್ಲ. ನಂಗೆ ಅವ್ರ ಭಾಷೆ ಬರಲ್ಲ. ನೀವು ಸ್ವಲ್ಪ ತಿಳಿಸಿ ಹೇಳ್ಬೇಕು, ಯಾಕೆ ಏನು ಅಂತ. ಅವ್ರದ್ದಷ್ಟೇ ಹೇಳಿ. ನಿಮ್ದು ನಾನು ನೋಡ್ಕೋತೀನಿ."

ಮೇಡಮ್ ಕೆಟ್ಟವರಲ್ಲ. ಸ್ಕೂಲು ಮುಚ್ಚಿದರೆ ನೂರಿಪ್ಪತ್ತು ಮಕ್ಕಳು ಎಲ್ಲಿಗೆ ಹೋಗಬೇಕು ಅನ್ನುವುದೂ ನಿಜ. ಇದನ್ನೆಲ್ಲ ನಾನು ಆ ದಿನ ಹಾರನಹಳ್ಳಿಯ ಬಸ್ಸಿನಲ್ಲಿ ನನಗೇ ಹೇಳಿಕೊಂಡೆ. ಆದರೆ ನಾನು ಆಗಲೇ ಒಪ್ಪಿಕೊಂಡಾಗಿತ್ತು. ಈ ಸಮಾಧಾನವನ್ನೆಲ್ಲ ಹುಡುಕಿದ್ದು ಆಮೇಲೆ.

ಗುರುವಾರ ಮೇಡಮ್ ಆಪಾಗೆ ವಿಷಯ ತಿಳಿಸಿದರು. ತಿಂಗಳ ಕೊನೆಯವರೆಗೆ ಬನ್ನಿ, ಆಮೇಲೆ ಬೇಡ ಅಂತ. ಆಪಾ ಆಫೀಸಿನಿಂದ ಬಂದು, ಯಾವತ್ತಿನಂತೆ ಬಾಗಿಲ ಬಳಿ ಕೂತು, ಒಂದು ಮಗುವಿನ ಬಿಚ್ಚಿಹೋದ ಗುಂಡಿ ಹೊಲಿಯತೊಡಗಿದರು. ಊಟದ ಬೆಲ್ಲಾದ ಮೇಲೆ ನನ್ನ ಪಕ್ಕ ಬಂದು ಕೂತರು.

"ನನ್ ಕತೆ ಕೇಳಿದ್ಯಲ್ಲ?"

"ಕೇಳ್ದೆ ಆಪಾ."

"ಹದ್ನಾಲ್ಕು ವರ್ಷ ಆದ್ಮೇಲೆ ಇವ್ರಿಗೆ ಗ್ಯಾನ ಬಂತು ನೋಡು. ಮಕ್ಳಿಗೆ ನಾನು ಸರಿಯಿಲ್ಲ ಅಂತ." ಡಬ್ಬಿಯ ಮುಚ್ಚಳ ತೆಗೆಯುತ್ತ ಕೇಳಿದರು: "ನಿಂದೇನಂತೆ?"

ಅವರು ನನ್ನ ಮುಖ ನೋಡದೆ ಕೇಳಿದರು. ಡಬ್ಬಿಯನ್ನೇ ನೋಡುತ್ತಿದ್ದರು.

"ನಂದೇನೂ ತೊಂದ್ರೆ ಇಲ್ವಂತೆ" ಅಂದೆ.

"ಅಷ್ಟಾದ್ರೂ ಒಳ್ಳೇದಾಯ್ತು ಬಿಡು" ಅಂದರು. ಅರ್ಧ ಚಪಾತಿ ಮುರಿದು ನನ್ನ ತಟ್ಟೆಗೆ ಹಾಕಿದರು.

ಅದನ್ನು ನಾನು ತಿಂದೆ.

ಶನಿವಾರ ಹನ್ನೊಂದು ಗಂಟೆಗೆ ತಾಯಂದಿರು ಬಂದರು. ಎಲ್ಲರೂ ಮಕ್ಕಳ ಚಿಕ್ಕ ಬೆಂಚುಗಳ ಮೇಲೆ ಮಂಡಿ ಮೇಲೆತ್ತಿಕೊಂಡು ಕೂತರು. ಅವರಲ್ಲಿ ಅನೇಕರು ಮದುವೆಯಾಗಿ ಹಿಂದೂಪುರ, ಕದಿರಿ ಕಡೆಯಿಂದ ಬಂದವರು. ಅಂಗಡಿ ಸಾಮಾನು ತರುವಷ್ಟು ಕನ್ನಡ ಅವರಿಗೆ ಗೊತ್ತು. ಸ್ಕೂಲಿನ ವಿಷಯ, ಆಸ್ಪತ್ರೆಯ ವಿಷಯವನ್ನು ಮಾತ್ರ ಉರ್ದುವಿನಲ್ಲೇ ಕೇಳಬೇಕು ಅನ್ನುತ್ತಾರೆ. ಮೇಡಮ್ ಗೋಡೆಗೆ ಒಂದು ನೋಟಿಸು ಹಚ್ಚಿಸಿದ್ದರು. ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಅನ್‌ಕ್ವಾಲಿಫೈಡ್ ಟೀಚರನ್ನು ಮುಂದಿನ ತಿಂಗಳಿಂದ ಮುಂದುವರಿಸುವುದಿಲ್ಲ ಅಂತ. ಅದರಲ್ಲಿ ಆಪಾ ಹೆಸರು ಮಾತ್ರ ಇತ್ತು. ಇಂಗ್ಲಿಷ್ ಓದಲು ಬರುವ ಒಂದಿಬ್ಬರು ಎಳೆಯ ತಾಯಂದಿರು ಅದನ್ನು ಆಗಲೇ ಓದಿ ಮಿಕ್ಕವರಿಗೆ ಹೇಳಿಯಾಗಿತ್ತು.

ನಾನು ಎದ್ದು ನಿಂತ ತಕ್ಷಣ, ಆಟೋ ಓಡಿಸುವ ಒಬ್ಬನ ಹೆಂಡತಿ ಕೇಳಿದಳು. ಮಾತಿನಲ್ಲಿ ಅವಳನ್ನು ಗೆದ್ದವರು ನಮ್ಮ ಸ್ಕೂಲಿನಲ್ಲಿ ಯಾರೂ ಇಲ್ಲ.

"ಅನ್‌ಕ್ವಾಲಿಫೈಡ್ ಕ್ಯಾ ಬೋಲೇ ತೋ, ಮಿಸ್?" ಹಾಗಂದರೆ ಏನು ಅಂತ.

ಹಿಂದೆ ಕೂತಿದ್ದ ಒಬ್ಬ ಅಜ್ಜಿ, "ಬೀಮಾರೀ ಹೈ ಕ್ಯಾ?" ಅಂದಿತು. ಅದೇನು ಕಾಯಿಲೆಯೇ ಅಂತ ನಿಜವಾಗಿ ಗಾಬರಿಯಿಂದಲೇ ಕೇಳಿತು. ಯಾರೂ ನಗಲಿಲ್ಲ.

ಏನು ಹೇಳಬೇಕೆಂದು ಹಿಂದಿನ ದಿನವೆಲ್ಲ ಯೋಚಿಸಿದ್ದೆ. ನನಗೆ ಗೊತ್ತಿದ್ದ ಉರ್ದುವಿನಲ್ಲಿ ಅದಕ್ಕೆ ಇದ್ದದ್ದು ಒಂದೇ ಪದ, ನಾಲಾಯಕ್. ಅದು ನಮ್ಮ ಕಡೆ ಕನ್ನಡದಲ್ಲೂ ಬೈಗುಳ. ಅದನ್ನು ಆಡಬಾರದು ಅಂತ ತೀರ್ಮಾನಿಸಿಕೊಂಡು ಒಂದು ಉದಾಹರಣೆ ಹುಡುಕಿಟ್ಟುಕೊಂಡಿದ್ದೆ. ಒಳ್ಳೆಯ ಉದಾಹರಣೆ ಸಿಕ್ಕಿತು ಅಂತ ಸಮಾಧಾನವೂ ಆಗಿತ್ತು. ಈಗ ನೆನೆದರೆ ಅದೇ ಹೆಚ್ಚು ಚುಚ್ಚುತ್ತದೆ.

"ಒಂದು ಬಸ್ಸಿದೆ ಅಂತ ತಿಳ್ಕೊಳಿ" ಅಂತ ಅವರ ಭಾಷೆಯಲ್ಲಿ ಹೇಳಿದೆ. "ಡ್ರೈವರ್ ಹತ್ರ ಲೈಸೆನ್ಸ್ ಇಲ್ಲ. ಅಂಥ ಬಸ್ಸಲ್ಲಿ ನಿಮ್ಮ ಮಕ್ಕಳನ್ನ ಕೂರಿಸ್ತೀರಾ?"

ಆಟೋದವನ ಹೆಂಡತಿ ತಟ್ಟನೆ ಅಂದಳು: "ಮೇರೇ ಮರ್ದ್ ಕನೇ ಬೀ ಲೈಸೆನ್ಸ್ ನೈ. ಉನೋ ಚಲಾರೇ ಸೋ ಆಟೋ ಮೇಂಚ್ ತುಮೇ ಬಸ್‌ಸ್ಟ್ಯಾಂಡ್ ಕು ಜಾತೇ ನಾ, ಮಿಸ್?"

ನನ್ನ ಗಂಡನ ಹತ್ತಿರವೂ ಲೈಸೆನ್ಸಿಲ್ಲ, ಅವನ ಆಟೋದಲ್ಲೇ ಅಲ್ಲವೇ ನೀನು ಬಸ್‌ಸ್ಟ್ಯಾಂಡಿಗೆ ಹೋಗುವುದು ಅಂತ. ಕೋಣೆಯೆಲ್ಲ ನಕ್ಕಿತು. ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಮೇಡಮ್ ಅರ್ಥವಾಗದೆ ನನ್ನ ಮುಖ ನೋಡಿದರು. "ಹದಿನಾಲ್ಕು ವರ್ಷದಲ್ಲಿ ಆಪಾ ಒಂದು ಸಲವಾದ್ರೂ ಬೀಳಿಸಿದಾರಾ ಹೇಳಿ" ಅಂತ ಇನ್ನೊಬ್ಬಳು ಕೂಗಿದಳು. "ನನ್ನ ದೊಡ್ಡ ಮಗಳೂ ಅವ್ರ ಹತ್ರಾನೇ ಎಬಿಸಿಡಿ ಕಲ್ತಿದ್ದು, ಈಗ ಕಾಲೇಜಲ್ಲಿದಾಳೆ" ಅಂದಳು ಮತ್ತೊಬ್ಬಳು.

"ಬಿದ್ದ ಮೇಲೆ ಗೊತ್ತಾದರೆ ಏನು ಪ್ರಯೋಜನ?" ಅಂದುಬಿಟ್ಟೆ.

ನಗು ನಿಂತಿತು. ನನ್ನ ದನಿ ಜೋರಾಗಿತ್ತು. ಅದನ್ನು ಸರಿಮಾಡಿಕೊಳ್ಳಬೇಕು, ಬೈಗುಳವಲ್ಲದ ಒಂದು ಸರಿಯಾದ ಪದ ಸಿಕ್ಕಿದರೆ ಸಾಕು ಅನ್ನಿಸಿತು. ಪದ ಸಿಗಲಿಲ್ಲ. ಪದ ಸಿಗದಾಗ ಹನ್ನೆರಡು ವರ್ಷ ಏನು ಮಾಡಿದ್ದೆನೋ ಅದನ್ನೇ ಮಾಡಿದೆ. ಬಾಗಿಲ ಕಡೆ ತಿರುಗಿದೆ.

ಆಪಾ ಅಲ್ಲಿ ನಿಂತಿದ್ದರು. ಕೈಯಲ್ಲಿ ಟೀ ಗ್ಲಾಸುಗಳ ತಟ್ಟೆ. ಮೀಟಿಂಗ್ ದಿನ ಟೀ ಮಾಡುವುದು ಯಾವತ್ತೂ ಅವರೇ. ಬಿಡಿಸಿದ್ದಾರೆ ಅಂತ ಆ ದಿನವೂ ತಪ್ಪಿಸಿರಲಿಲ್ಲ. ಯಾವಾಗಿಂದ ನಿಂತಿದ್ದರೋ ಗೊತ್ತಿಲ್ಲ. ಬಸ್ಸಿನ ಮಾತು ಕೇಳಿರಬೇಕು.

ನಾನು ತಿರುಗಿದ್ದು ಯಾಕೆ ಅಂತ ಅವರಿಗೆ ಅರ್ಥವಾಯಿತು. ನನಗಿಂತ ಮೊದಲೇ ಅರ್ಥವಾಯಿತು ಅಂತ ಕಾಣುತ್ತದೆ.

"ನಾ-ಅಹಲ್" ಅಂದರು.

ಆಮೇಲೆ ಮಕ್ಕಳಿಗೆ ಹೇಳುವಂತೆಯೇ ಬಿಡಿಸಿ ಹೇಳಿದರು. "ನಾ. ಅಹಲ್." ತಾಯಂದಿರ ತುಟಿಗಳು ಅಲ್ಲಾಡಿದವು. ಅದು ಓದಿದವರ ಉರ್ದು, ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಂದಿದ್ದ ಅಜ್ಜಿ ಮತ್ತೆ ಅದರ ಅರ್ಥ ಕೇಳಿತು. ಆಪಾ ತಟ್ಟೆಯನ್ನು ಬೆಂಚಿನ ಮೇಲೆ ಇಟ್ಟು, ನಿಧಾನವಾಗಿ ಹೇಳಿದರು:

"ಕಾಮ್ ಆತಾ ಅಮ್ಮಾ, ಕಾಗಜ್ ನೈ. ಮೇರೇ ಜೈಸಾ."

ಕೆಲಸ ಬರುತ್ತದೆ, ಕಾಗದ ಇಲ್ಲ. ನನ್ನ ಹಾಗೆ.

ಅಷ್ಟು ಹೇಳಿ ಅವರು ತಕ್ಷಣ ಗ್ಲಾಸುಗಳನ್ನು ಕೈಗೆತ್ತಿಕೊಳ್ಳಲಿಲ್ಲ. ಒಂದು ಗಳಿಗೆ ಹಾಗೇ ನಿಂತರು. ನನ್ನ ಕಡೆ ನೋಡಿದರೋ ಇಲ್ಲವೋ, ಅದನ್ನು ಪ್ರಮಾಣ ಮಾಡಿ ಹೇಳಲಾರೆ, ಯಾಕೆಂದರೆ ನಾನು ಕೈಯಲ್ಲಿದ್ದ ಹಾಜರಿ ಪುಸ್ತಕ ನೋಡುತ್ತಿದ್ದೆ. "ನಾನೂ ಹಾಗೇ, ಆ ಹಾಳೆಯಲ್ಲಿ ನನ್ನ ಹೆಸರೂ ಇದೆ" ಅನ್ನುವುದಕ್ಕೆ ಹೆಚ್ಚು ಉರ್ದು ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಎಲ್‌ಕೆಜಿಗೆ ಸೇರಿದ ಮಗುವಿಗೂ ಬರುವ ಮಾತು ಅದು. ನನಗೆ ಬರುತ್ತಿತ್ತು. ನಾನು ಆಡಲಿಲ್ಲ.

ಆಪಾ ಟೀ ಕೊಡುತ್ತ ಬಂದರು. ಕೊನೆಯ ಗ್ಲಾಸು ನನಗೆ. "ಸಕ್ರೆ ಕಮ್ಮಿ ಹಾಕೀನಿ, ಕುಡಿ" ಅಂದರು. ಆಟೋದವನ ಹೆಂಡತಿ ಗ್ಲಾಸು ಮುಟ್ಟಲಿಲ್ಲ. "ನಂಗ್ ನಕ್ಕೊ", ನನಗೆ ಬೇಡ ಅಂತ ಎರಡೂ ಭಾಷೆ ಸೇರಿಸಿ ಹೇಳಿ ಎದ್ದು ಹೋದಳು. ಮಿಕ್ಕವರು ಕುಡಿದರು. ಆಪಾ ಅವರೇ ಸಮಾಧಾನದಿಂದ ಇರುವಾಗ ಇನ್ನು ಜಗಳ ಮಾಡುವುದೇನು ಅಂತ ಅವರಿಗೆ ಅನ್ನಿಸಿರಬೇಕು. ಮೀಟಿಂಗು ಚೆನ್ನಾಗಿ ಆಯಿತು ಅಂತ ಮೇಡಮ್ ಆಮೇಲೆ ನನಗೆ ಹೇಳಿದರು.

ತಿಂಗಳ ಕೊನೆಯ ದಿನ ಆಪಾ ಮಕ್ಕಳಿಗೆ ಊರಿಗೆ ಹೋಗುತ್ತಿದ್ದೇನೆ ಅಂತ ಹೇಳಿದರು. ಮಾದಿಹಳ್ಳಿಗೆ, ಅಲ್ಲಿ ಆನೆ ನೋಡಿಕೊಳ್ಳಬೇಕು ಅಂತ. ಮಕ್ಕಳು ನಂಬಿದವು. ನಿಜವಾಗಿ ಅವರು ಇದ್ದದ್ದು ಸ್ಕೂಲಿನಿಂದ ಮೂರನೇ ಬೀದಿಯಲ್ಲಿ. ಮನೆಯಲ್ಲೇ ಸಂಜೆ ನಾಲ್ಕಾರು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತಿದ್ದಾರೆ ಅಂತ ಕೇಳಿದೆ. ಮೊದಲೆಲ್ಲ ಆ ಬೀದಿಯಲ್ಲೇ ಬಸ್‌ಸ್ಟ್ಯಾಂಡಿಗೆ ನಡೆದು ಹೋಗುತ್ತಿದ್ದವಳು ನಾನು. ಆಮೇಲೆ ಗೇಟಿನ ಕಡೆಯಿಂದ ಸುತ್ತಿಕೊಂಡು ಹೋಗತೊಡಗಿದೆ. ಕೇಳಿದವರಿಗೆ ಆ ಕಡೆ ನೆರಳಿದೆ ಅನ್ನುತ್ತಿದ್ದೆ. ಅಲ್ಲಿ ನೆರಳೇನೂ ಇಲ್ಲ.

ಟ್ರೈನಿಂಗಿಗೆ ಸೇರಿದೆ. ಪುಸ್ತಕಗಳು ಬಂದವು. ಮಗುವಿನ ಮನೆಮಾತಿನಲ್ಲಿ ಕಲಿಸುವುದು ಯಾಕೆ ಒಳ್ಳೆಯದು ಅಂತ ಅದರಲ್ಲಿ ಒಂದು ಇಡೀ ಪಾಠವಿತ್ತು. ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದೆ. ಪಾಸಾದ ಮೇಲೆ ಆಪಾ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಿಡುತ್ತೇನೆ ಅಂತ ನನಗೆ ನಾನೇ ಒಂದು ಗಡುವು ಹಾಕಿಕೊಂಡಿದ್ದೆ. ಆಗ ಹೇಳಿದರೆ ನನಗೆ ಏನೂ ಆಗುವುದಿಲ್ಲವಲ್ಲ, ಅದಕ್ಕೆ.

ಏಳು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಬಸ್ಸಿಳಿಯುತ್ತಿದ್ದಂತೆ ಆಟೋದವನ ಹೆಂಡತಿ ಎದುರಿಗೆ ಬಂದಳು. ಮೀಟಿಂಗಿನ ನಂತರ ಅವಳು ನನ್ನ ಜೊತೆ ಮಾತು ಬಿಟ್ಟಿದ್ದಳು. "ಆಪಾ ಹೋಗ್ಬಿಟ್ರು ಮಿಸ್" ಅಂತ ಕನ್ನಡದಲ್ಲಿ ಹೇಳಿದಳು. ರಾತ್ರಿ ಎದೆನೋವು ಅಂದರಂತೆ. ಅವಳ ಗಂಡನ ಆಟೋದಲ್ಲೇ ಅರಸೀಕೆರೆಯ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಹಾಸನಕ್ಕೆ ಕರೆದುಕೊಂಡು ಹೋಗುವಾಗ ದಾರಿಯಲ್ಲೇ ಮುಗಿದಿತ್ತು.

ಅವಳ ಜೊತೆಯಲ್ಲೇ ಹೋದೆ. ನಮ್ಮಲ್ಲಾದರೆ ಹಾರ, ಊದುಬತ್ತಿ ತೆಗೆದುಕೊಂಡು ಹೋಗುತ್ತೇವೆ. ಅವರ ಮನೆಗೆ ಏನು ತೆಗೆದುಕೊಂಡು ಹೋಗಬೇಕು, ಹೂವು ಆಗುತ್ತದೋ ಇಲ್ಲವೋ ಗೊತ್ತಾಗಲಿಲ್ಲ. ಹನ್ನೆರಡು ವರ್ಷ ಒಂದೇ ಡಬ್ಬಿಯಲ್ಲಿ ಉಂಡವಳಿಗೆ ಅಷ್ಟೂ ಗೊತ್ತಿರಲಿಲ್ಲ. ಜೊತೆಯಲ್ಲಿದ್ದವಳನ್ನು ಕೇಳಲು ನಾಚಿಕೆಯಾಯಿತು. ಬರಿಗೈಯಲ್ಲೇ ಹೋದೆ. ಹೆಂಗಸರ ಕೋಣೆಯಲ್ಲಿ ನಮ್ಮ ಸ್ಕೂಲಿನ ತಾಯಂದಿರೇ ತುಂಬಿದ್ದರು. ನನ್ನನ್ನು ನೋಡಿ ಸರಿದು ಜಾಗ ಮಾಡಿಕೊಟ್ಟರು. "ಆಪಾ ಜೊತೆ ಪಾಠ ಮಾಡ್ತಿದ್ದ ಮಿಸ್" ಅಂತ ಒಬ್ಬರು ಯಾರಿಗೋ ಪರಿಚಯ ಹೇಳಿದರು. ಅಲ್ಲಿ ಕೂತು ಅತ್ತೆ. ಅಳುವ ಹಕ್ಕು ಇದ್ದವಳ ಹಾಗೆ ಅತ್ತೆ.

ನಲವತ್ತನೇ ದಿನದ ಊಟಕ್ಕೆ ಆಪಾ ಮಗಳು ಫೋನು ಮಾಡಿ ಕರೆದಳು. ಅವಳೂ ಮದುವೆಯಾಗಿ ಬೇರೆ ಊರಲ್ಲಿರುವವಳು. ಊಟವಾದ ಮೇಲೆ ಒಳಗಿನ ಕೋಣೆಯಲ್ಲಿ ಕೂತೆವು. ಇನ್ನು ತಡೆಯಲಾಗಲಿಲ್ಲ. "ನಿಮ್ಮಮ್ಮನಿಗೆ ನಾನೊಂದು ವಿಷಯ ಹೇಳಿರ್ಲಿಲ್ಲ" ಅಂತ ಶುರು ಮಾಡಿದೆ.

"ಹಾಳೆ ವಿಷ್ಯಾನಾ ಆಂಟಿ?" ಅಂದಳು ಅವಳು.

ನಾನು ತಲೆಯಾಡಿಸಿದೆ.

"ಅಮ್ಮ ಬುಧವಾರಾನೇ ನೋಡಿದ್ರು. ಮೇಡಮ್ ಟೇಬಲ್ ಮೇಲೆ ಟೀ ಇಡಕ್ಕೆ ಹೋದಾಗ ಹಾಳೆ ಅಲ್ಲೇ ಇತ್ತಂತೆ. ಅವತ್ತು ಸಂಜೆ ನಂಗೆ ಫೋನ್ ಮಾಡಿ, ಒಂದೊಂದೇ ಅಕ್ಷರ ಹೇಳಿ, ಇದಕ್ಕೆ ಏನರ್ಥ ಅಂತ ಕೇಳಿದ್ರು. ನಾನು ಹೇಳ್ದೆ. ಎರಡು ಹೆಸ್ರಿಗೂ ಅದೇ ಐತೆ, ನನ್ಗೂ ಅವಳ್ಗೂ ಅಂದ್ರು."

ಹದಿನಾಲ್ಕು ವರ್ಷ ಎ ಯಿಂದ ಝಡ್ ವರೆಗೆ ಮಕ್ಕಳ ಕೈಹಿಡಿದು ಬರೆಸಿದವರು ಅವರು. ಒಂದರ ಕೆಳಗೊಂದು ಇರುವ ಎರಡು ಒಂದೇ ಪದ ಅವರಿಗೆ ಕಾಣಿಸುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಅವರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ನಾನೂ ಒಳಗೊಳಗೆ ತಪಾಸಣೆಯವರ ಹಾಗೆಯೇ ಅಂದುಕೊಂಡಿದ್ದೆ.

ಹಾಗಾದರೆ ಗುರುವಾರ, ನಿಂದೇನಂತೆ ಅಂತ ಡಬ್ಬಿ ನೋಡುತ್ತ ಕೇಳಿದಾಗ ಅವರಿಗೆ ಗೊತ್ತಿತ್ತು. ಶನಿವಾರ ಬಾಗಿಲಲ್ಲಿ ನಿಂತು ಆ ಪದ ಹೇಳಿಕೊಟ್ಟಾಗಲೂ ಗೊತ್ತಿತ್ತು.

"ಗೊತ್ತಿದ್ದೂ ಮೀಟಿಂಗಲ್ಲಿ ಯಾಕಮ್ಮ ಹೇಳ್ಲಿಲ್ಲ ಅಂತ ನಾನು ಅಮ್ಮನ್ ಜೊತೆ ಜಗಳಾನೇ ಆಡ್ದೆ" ಅಂದಳು ಮಗಳು. "ಅದಕ್ಕೆ ಅಮ್ಮ, ನಾನ್ ಹೇಳಿದ್ರೆ ಅವಳ್ ಕೆಲ್ಸಾನೂ ಹೋಗ್ತದೆ, ಅವಳೇ ಹೇಳ್ತಾಳೆ ಬಿಡು, ಸ್ವಲ್ಪ ಟೈಮ್ ಬೇಕು ಅವಳ್ಗೆ ಅಂದ್ರು. ಆಮೇಲೆ ಯಾವಾಗ ಫೋನ್ ಮಾಡಿದ್ರೂ ನಾನು ಕೇಳ್ತಿದ್ದೆ, ಬಂದಿದ್ರಾ ಆ ಆಂಟಿ ಅಂತ. ಇಲ್ಲ, ಬತ್ತಾಳೆ ಅನ್ನೋರು."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಒಳಗೆ ಹೋಗಿ ಒಂದು ಡಬ್ಬಿಯಲ್ಲಿ ಸಿಹಿ ತುಂಬಿಸಿಕೊಟ್ಟಳು, ನಿಮ್ಮ ಮನೆಯವರಿಗೆ ಅಂತ. ಅದನ್ನು ಹಿಡಿದುಕೊಂಡು ಬಹಳ ದಿನಗಳ ನಂತರ ಆ ಬೀದಿಯಲ್ಲೇ ನಡೆದು ಬಸ್‌ಸ್ಟ್ಯಾಂಡಿಗೆ ಬಂದೆ.

ಮೇಡಮ್‌ಗೆ ಮಾರನೇ ದಿನವೇ ಹೇಳಿದೆ, ನನ್ನ ಹೆಸರೂ ಇತ್ತು ಅನ್ನುವುದನ್ನು ಪೇರೆಂಟ್ಸ್‌ಗೆ ತಿಳಿಸುತ್ತೇನೆ ಅಂತ. ಅವರು ಬೇಡ ಅನ್ನಲಿಲ್ಲ. "ಈಗ ಹೇಳಿದ್ರೆ ಅವ್ರು ವಾಪಸ್ ಬರ್ತಾರಾ?" ಅಂತ ಮಾತ್ರ ಕೇಳಿದರು. ಆಮೇಲೆ, "ನಿಮ್ಮಿಷ್ಟ. ಅಡ್ಮಿಷನ್ ಮುಗಿಲಿ" ಅಂದರು.

ಅಡ್ಮಿಷನ್ ಮುಗಿಯಿತು. ಆಪಾ ಜಾಗಕ್ಕೆ ಟ್ರೈನಿಂಗ್ ಆದ ಒಬ್ಬ ಹುಡುಗಿ ಬಂದಿದ್ದಾಳೆ. ಒಳ್ಳೆಯವಳೇ, ಚೆನ್ನಾಗಿ ಪಾಠ ಮಾಡುತ್ತಾಳೆ. ಹೊಸ ಮಕ್ಕಳು ಮೊದಲ ವಾರ ಹೆಚ್ಚು ಅಳುತ್ತವೆ. ನಾನು ಒಂದು ವಿಷಯದಲ್ಲಿ ಫೇಲಾಗಿದ್ದೇನೆ, ಅದನ್ನು ಮತ್ತೆ ಬರೆಯಬೇಕು. ದಾಖಲೆಯಲ್ಲಿ ಈಗಲೂ ನಾನು ಓದುತ್ತಿರುವವಳು.

ಈ ವರ್ಷದ ಮೊದಲ ಮೀಟಿಂಗು ಹೋದ ತಿಂಗಳು ನಡೆಯಿತು. ಇವತ್ತು ಹೇಳಿಬಿಡಬೇಕು ಅಂತ ಹೊರಡುವಾಗಲೇ ತೀರ್ಮಾನ ಮಾಡಿದ್ದೆ. ತಾಯಂದಿರು ಬಂದು ಕೂತರು. ಅರ್ಧದಷ್ಟು ಹಳಬರು, ಅರ್ಧದಷ್ಟು ಹೊಸಬರು. ಆಟೋದವನ ಹೆಂಡತಿ ಈ ಸಲ ಎರಡನೆಯ ಮಗುವನ್ನು ಸೇರಿಸಿದ್ದಾಳೆ, ಮುಂದಿನ ಬೆಂಚಿನಲ್ಲೇ ಇದ್ದಳು. ನಾನು ಎದ್ದು ನಿಂತು ಯೂನಿಫಾರ್ಮಿನ ಬಗ್ಗೆ ಹೇಳಿದೆ. ನೀರಿನ ಬಾಟಲಿಗೆ ಹೆಸರು ಬರೆದು ಕಳಿಸಿ ಅಂದೆ. ಉಗುರು ಕತ್ತರಿಸಿ ಕಳಿಸಿ ಅಂದೆ. ಇನ್ನೇನಾದರೂ ಕೇಳುವುದಿದೆಯೇ ಅಂತ ಉರ್ದುವಿನಲ್ಲಿ ಕೇಳಿದೆ. ಯಾರೂ ಏನೂ ಕೇಳಲಿಲ್ಲ. ಕೂತುಕೊಂಡೆ.

ಯಾರಾದರೂ ಕೇಳಿದರೆ ಹೇಳೋಣ ಅಂತ ಕಾಯುತ್ತಿದ್ದೇನೆ ಅಂತ ಕಾಣುತ್ತದೆ. ಅವರು ಯಾಕೆ ಕೇಳುತ್ತಾರೆ? ಅವರಿಗೆ ಆ ಪದದ ಅರ್ಥ ಆವತ್ತೇ ಗೊತ್ತಾಗಿದೆ, ಅದು ಯಾರಿಗೆ ಸೇರಿದ್ದು ಅನ್ನುವುದನ್ನೂ ನಾನೇ ಹೇಳಿಕೊಟ್ಟಿದ್ದೇನೆ. ಹಾಳೆಯಲ್ಲಿ ಎರಡು ಹೆಸರಿತ್ತು ಅಂತ ಆ ತಾಯಂದಿರಿಗೆ ನಾನು ಇನ್ನೂ ಹೇಳಿಲ್ಲ.